ಅದ್ದುವುದೋ, ಹಾಸಿ ಬಳಿಯುವುದೋ, ಸಿಂಪಡಿಸುವುದೋ? ಹೊಲಿಗೆ ಬಟ್ಟೆಗೆ ಶೇಡಿಂಗ್ ಕೊಡುವ ಮೂರು ದಾರಿ

ಸೊಲ್ಲಾಪುರ, ಅಕ್ಕಲಕೋಟೆ ಕಡೆ ಮನೆಯಲ್ಲಿ ಬಟ್ಟೆಗೆ ಶೇಡಿಂಗ್, ಅಂದರೆ ಗಾಢದಿಂದ ತಿಳಿಗೆ ಇಳಿಯುವ ಬಣ್ಣ, ಕೊಡಲು ಹೊರಟವರು ಮೊದಲು ನೀರಿನ ಲೆಕ್ಕ ಹಾಕಬೇಕು. ಬಣ್ಣದ ಮಾತು ಆಮೇಲೆ. ಎರಡು ಮೀಟರ್ ಕೇಂಬ್ರಿಕ್ಕನ್ನು (ತೆಳು ಕಾಟನ್ ಬಟ್ಟೆ) ಬಕೀಟಿನಲ್ಲಿ ಅದ್ದಿ ತೆಗೆದರೆ ಜಾಲಾಡಲಿಕ್ಕೇ ಅರವತ್ತು ಲೀಟರ್ ದಾಟುತ್ತದೆ. ಹಾಸಿ ಬಳಿದರೆ ಅದರ ಅರ್ಧ ಸಾಕು. ಫ್ಯಾಬ್ರಿಕ್ ಪೇಂಟ್ ಸಿಂಪಡಿಸಿದರೆ ಬ್ರಶ್ಶು, ಬಾಟಲಿ ತೊಳೆಯುವಷ್ಟೇ. ನಲ್ಲಿ ನೀರಿಗೆ ದಿನ ಎಣಿಸುವ ಓಣಿಗಳಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಬೋರಿನ ನೀರು ಬಳಸುವುದಾದರೆ ಇನ್ನೊಂದು ತೊಡಕಿದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಬಣ್ಣ ಹಿಡಿಸಲು ಬಳಸುವ ಸೋಡಾ ಬಿದ್ದೊಡನೆ, ಸುಣ್ಣದಂತೆ ಒಡೆದು ಬಟ್ಟೆಯ ಮೇಲೆ ಕೂರುತ್ತದೆ. ಬಣ್ಣ ಅಲ್ಲಲ್ಲಿ ಚುಕ್ಕೆಯಾಗಿ ಹಿಡಿಯುತ್ತದೆ. ಲೀಟರಿಗೆ 1ರಿಂದ 2 ಗ್ರಾಂ ಕ್ಯಾಲ್ಗಾನ್, ಅಂದರೆ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್, ಮೊದಲೇ ಕರಗಿಸಿಕೊಂಡರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಮೂರೂ ದಾರಿಗೆ ಬಟ್ಟೆ ಒಂದೇ: 44 ಇಂಚು ಪನ್ನಾದ (ಅಗಲದ) ಬಿಳಿ ಕಾಟನ್ ಕೇಂಬ್ರಿಕ್, ಎರಡು ಮೀಟರ್, ತೂಕ ಸುಮಾರು 220 ಗ್ರಾಂ. ಅಂಗಡಿಯ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಐದು ಲೀಟರ್ ಕುದಿಯುವ ನೀರಿಗೆ 10 ಗ್ರಾಂ ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್ ಪುಡಿ), ಒಂದು ಚಮಚ ಡಿಟರ್ಜೆಂಟ್ ಹಾಕಿ ಅರ್ಧ ಗಂಟೆ ಕುದಿಸಿ ತೊಳೆಯಿರಿ. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟರೆ ತಕ್ಷಣ ಹೀರಬೇಕು. ಮುತ್ತಿನಂತೆ ನಿಂತರೆ ಗಂಜಿ ಇನ್ನೂ ಹೋಗಿಲ್ಲ. ಕುಗ್ಗುವುದೂ ಇಲ್ಲೇ ಮುಗಿದುಹೋಗುತ್ತದೆ, ಹಾಗಾಗಿ ಕತ್ತರಿ ಹಾಕುವುದು ಇದರ ನಂತರ.

ಅದ್ದಲು ಮತ್ತು ಬಳಿಯಲು ಬೇಕಾದ್ದು ಕೋಲ್ಡ್ ಬ್ರ್ಯಾಂಡ್ ರಿಯಾಕ್ಟಿವ್ ಬಣ್ಣ, ಅಂದರೆ ಬಿಸಿಯಿಲ್ಲದೆ ನೂಲಿನ ಜೊತೆ ಬೆಸೆದುಕೊಳ್ಳುವ ಬಣ್ಣ. ಕೆಮಿಕಲ್ ಅಂಗಡಿಯಲ್ಲಿ ಎಂ ಗುಂಪಿನದು ಎಂದು ಕೇಳಿ. ಎಚ್ ಗುಂಪಿನದಕ್ಕೆ ಬಿಸಿ ಬೇಕು, ಈ ಕೆಲಸಕ್ಕೆ ಹೊಂದುವುದಿಲ್ಲ. ಬ್ಲೂ ಎಂಆರ್, ರೆಡ್ ಎಂ5ಬಿಯಂಥ ಒಂಟಿ ಬಣ್ಣವನ್ನೇ ಆರಿಸಿ. ನೇರಳೆ, ಕಂದು, ಕಪ್ಪು ಸಾಮಾನ್ಯವಾಗಿ ಬೆರಕೆ ಬಣ್ಣಗಳು. ಬೆರಕೆಯಲ್ಲಿ ಒಂದು ಬಣ್ಣ ಬೇಗ ಹಿಡಿಯುತ್ತದೆ, ಇನ್ನೊಂದು ನೀರಿನ ಜೊತೆ ಮುಂದೆ ಓಡುತ್ತದೆ. ಕಪ್ಪಿನ ತಿಳಿ ತುದಿಯಲ್ಲಿ ಬೂದಿ ಬಣ್ಣದ ಬದಲು ನೇರಳೆಯೋ ಹಸಿರೋ ಇಣುಕುವುದು ಇದರಿಂದಲೇ. ಪುಡಿ ಕಲೆಸುವಾಗ ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಇರಲೇಬೇಕು. ಈ ಪಾತ್ರೆಗಳು ಮತ್ತೆ ಅಡುಗೆಮನೆಗೆ ಹೋಗಬಾರದು.

ಎರಡಕ್ಕೂ ಮೊದಲ ಹಂತ ಒಂದೇ: 4 ಲೀಟರ್ ನೀರಿಗೆ 160 ಗ್ರಾಂ ಸೋಡಾ ಆ್ಯಶ್ ಕರಗಿಸಿ, ಬಟ್ಟೆಯನ್ನು 20 ನಿಮಿಷ ನೆನೆಸಿ ಹಿಂಡುವುದು. ಕಿರಾಣಿಯ ಹರಳು ವಾಷಿಂಗ್ ಸೋಡಾದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ ಅದನ್ನು 430 ಗ್ರಾಂ ಹಾಕಬೇಕು. ಬೇಕಿಂಗ್ ಸೋಡಾ ನಡೆಯುವುದಿಲ್ಲ.

ಅದ್ದುವ ಕ್ರಮ ಹೀಗೆ. ದೊಡ್ಡ ಬಕೀಟಿನಲ್ಲಿ 8 ಲೀಟರ್ ನೀರು, 400 ಗ್ರಾಂ ಉಪ್ಪು. ಬೇರೆಯಾಗಿ 10 ಗ್ರಾಂ ಬಣ್ಣವನ್ನು ಅರ್ಧ ಲೀಟರ್ ನೀರಿನಲ್ಲಿ ಕಲೆಸಿಡಿ. ಅದರಲ್ಲಿ 50 ಮಿಲೀ ಬಕೀಟಿಗೆ ಹಾಕಿ, ಬಣ್ಣ ಬರಬೇಕಾದ ಅಷ್ಟೂ ಭಾಗವನ್ನು ಇಳಿಸಿ, ಐದು ನಿಮಿಷ ಮೇಲೆ ಕೆಳಗೆ ಆಡಿಸಿ. ಒಂದು ಗೇಣಿನ ಅರ್ಧದಷ್ಟು ಮೇಲೆತ್ತಿ, ಮತ್ತೆ 75 ಮಿಲೀ. ಹೀಗೆಯೇ ಎತ್ತುತ್ತಾ 100, 125, 150. ತಿಳಿ ಭಾಗ ಮೊದಲು ಹೊರಬರುತ್ತದೆ, ಗಾಢ ತುದಿ ಕೊನೆಯ ತನಕ ಒಳಗಿರುತ್ತದೆ. ಬಟ್ಟೆಯ ಸೋಡಾ ಬಕೀಟಿಗೂ ಇಳಿಯುವುದರಿಂದ ಬಣ್ಣ ನೀರಿನ ಜೊತೆಗೇ ಸೇರಿ ಸತ್ವ ಕಳೆದುಕೊಳ್ಳುತ್ತಾ ಹೋಗುತ್ತದೆ. ಎಲ್ಲವನ್ನೂ ಒಂದು ಗಂಟೆಯೊಳಗೆ ಮುಗಿಸಬೇಕು. ಬೇಸಿಗೆಯಲ್ಲಿ ಇನ್ನೂ ಬೇಗ.

ಅದ್ದಿದ ಬಟ್ಟೆಯ ಇಳಿಜಾರು ನೋಡಲು ಅಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ 44 ಇಂಚಿನ ಪನ್ನಾ ಬಕೀಟಿನ ಬಾಯಿಗೆ ಹಿಡಿಸುವುದಿಲ್ಲ. ಮಡಿಕೆ ಹಾಕಿದರೆ ಒಳಮಡಿಕೆಗೆ ಬಣ್ಣ ಕಡಿಮೆ ತಾಗಿ ಉದ್ದುದ್ದ ಗೆರೆ ಬೀಳುತ್ತದೆ. ಕೈ ಒಂದು ನಿಮಿಷ ನಿಂತರೆ ನೀರಿನ ಮಟ್ಟದಲ್ಲಿ ಅಡ್ಡಗೆರೆ. ಈ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಹೊರಗಿರುವ ಭಾಗ ಒಣಗತೊಡಗಿ, ಕೆಳಗಿನ ಬಣ್ಣವನ್ನು ಬತ್ತಿಯ ಹಾಗೆ ಎಳೆದುಕೊಂಡು ಅಂಚಿನಲ್ಲಿ ಗಾಢ ಪಟ್ಟಿ ಕಟ್ಟುತ್ತದೆ. ಫ್ಯಾನ್ ನಿಲ್ಲಿಸಿ, ಮೇಲ್ಭಾಗಕ್ಕೆ ಆಗಾಗ ನೀರು ಚಿಮುಕಿಸುತ್ತಿರಬೇಕು.

ಹಾಸಿ ಬಳಿಯುವುದಕ್ಕೆ 6 ಗ್ರಾಂ ಬಣ್ಣ ಸಾಕು. ಅರ್ಧ ಲೀಟರ್ ನೀರಿಗೆ 50 ಗ್ರಾಂ ಯೂರಿಯಾ ಕರಗಿಸಿಕೊಳ್ಳಿ. ಇದು ತೇವ ಹಿಡಿದಿಡುತ್ತದೆ. ಹೊಲಕ್ಕೆ ಹಾಕುವ ಯೂರಿಯಾ ಬೇವಿನೆಣ್ಣೆ ಲೇಪಿಸಿದ್ದು, ಇದಕ್ಕೆ ಬೇಡ. ಕೆಮಿಕಲ್ ಅಂಗಡಿಯದನ್ನೇ ತನ್ನಿ. ಈ ನೀರಿನ 200 ಮಿಲೀಯಲ್ಲಿ ಬಣ್ಣ ಕಲೆಸಿ. ಅದರಿಂದ 100 ಮಿಲೀ ಎರಡನೇ ಬಾಟಲಿಗೆ ತೆಗೆದು 100 ಮಿಲೀ ಯೂರಿಯಾ ನೀರು ಸೇರಿಸಿ. ಎರಡರಿಂದ ಮೂರನೆಯದಕ್ಕೆ, ಮೂರರಿಂದ ನಾಲ್ಕನೆಯದಕ್ಕೆ ಇದೇ ಲೆಕ್ಕ. ಪ್ರತಿ ಬಾಟಲಿಯೂ ಹಿಂದಿನದರ ಅರ್ಧ ಗಾಢ. ಕಣ್ಣಿಗೆ ಸಮವಾಗಿ ಇಳಿಯುತ್ತಿದೆ ಅನ್ನಿಸುವುದು ಹೀಗೆ ಅರ್ಧರ್ಧ ಮಾಡಿದಾಗಲೇ. ಪ್ರತಿ ಸಲ ಒಂದೇ ಅಳತೆ ಕಳೆಯುತ್ತಾ ಬಂದರೆ ಗಾಢ ಕಡೆ ವ್ಯತ್ಯಾಸವೇ ಕಾಣದೆ, ತಿಳಿ ಕಡೆ ದಿಢೀರ್ ಜಿಗಿತ ಕಾಣುತ್ತದೆ.

ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಸೋಡಾದಲ್ಲಿ ನೆನೆಸಿ ಹಿಂಡಿದ ಬಟ್ಟೆಯನ್ನು ಒಂದೇ ಪದರವಾಗಿ ಬಿಡಿಸಿ. ಮೊದಲು ತಿಳಿ ಬಾಟಲಿ, ಕೊನೆಗೆ ಗಾಢ. ಎರಡು ಬಣ್ಣ ಸೇರುವಲ್ಲಿ ನಾಲ್ಕು ಬೆರಳಗಲ ಒಂದರ ಮೇಲೊಂದು ಬರಲಿ, ಅಲ್ಲಿ ಒದ್ದೆ ಸ್ಪಂಜಿನಿಂದ ಗಾಢದಿಂದ ತಿಳಿಯ ಕಡೆಗೆ ಒತ್ತಿ. ಉಜ್ಜಬೇಡಿ, ನೂಲು ಎದ್ದು ಜುಂಗು ಬರುತ್ತದೆ. ಮೇಲೊಂದು ಪ್ಲಾಸ್ಟಿಕ್ ಮುಚ್ಚಿ ಅಂಚುಗಳಿಗೆ ಭಾರ ಇಡಿ. ಬೇಸಿಗೆಯಲ್ಲಿ ಆರು ಗಂಟೆ ಸಾಕು, ಡಿಸೆಂಬರ್ ಚಳಿಯಲ್ಲಿ ಇಡೀ ಒಂದು ದಿನ. ನಡುವೆ ಒಣಗಿದ ಜಾಗದಲ್ಲಿ ಬಣ್ಣ ಹಿಡಿಯುವುದು ಅಲ್ಲಿಗೇ ನಿಲ್ಲುತ್ತದೆ, ತೊಳೆದಾಗ ಅದು ಮಾಸಿದಂತೆ ಕಾಣುತ್ತದೆ.

ಹೊಲಿಯುವವರಿಗೆ ಈ ವಿಧಾನ ಹೆಚ್ಚು ಒಪ್ಪುವುದು ಜೋಡಣೆಯ ವಿಷಯದಲ್ಲಿ. ಕುರ್ತಾದ ಮುಂಭಾಗ, ಹಿಂಭಾಗ, ಕಲಿ ಲಂಗದ ಎಲ್ಲ ಕಲಿಗಳನ್ನು (ಉದ್ದುದ್ದ ಪಟ್ಟಿ ತುಂಡುಗಳನ್ನು) ಮೊದಲೇ ಕತ್ತರಿಸಿ, ಕೆಳ ಅಂಚು ಒಂದೇ ಸಾಲಿಗೆ ಬರುವಂತೆ ಪಕ್ಕಪಕ್ಕ ಹಾಸಿ. ಪ್ಲಾಸ್ಟಿಕ್ ಮೇಲೆ 15 ಸೆಂಟಿಮೀಟರಿಗೊಂದು ಗೆರೆ ಎಳೆದಿಟ್ಟರೆ ಬಣ್ಣ ಎಲ್ಲ ತುಂಡಿನಲ್ಲೂ ಒಂದೇ ಎತ್ತರದಲ್ಲಿ ಬದಲಾಗುತ್ತದೆ, ಹೊಲಿಗೆ ಸಾಲಿನಲ್ಲಿ ಮುರಿಯುವುದಿಲ್ಲ. ಅದ್ದಿದ ತುಂಡುಗಳಲ್ಲಿ ಈ ನಿಖರತೆ ಸಿಗುವುದು ಕಷ್ಟ. ಒಂದರ ಮೇಲೊಂದು ಪೇರಿಸಿ ಬಳಿಯಲು ಹೋಗಬೇಡಿ, ಕೆಳಗಿನದು ತೇಪೆತೇಪೆಯಾಗುತ್ತದೆ.

ಪೂರ್ತಿ ಸುತ್ತಿನ ಅಂಬ್ರೆಲಾ ಲಂಗಕ್ಕೆ ಮಾತ್ರ ಅದ್ದುವುದೇ ಸರಿ. ನೇರ ಗೆರೆಯಲ್ಲಿ ಬಣ್ಣ ಹಾಕಿದ ಬಟ್ಟೆಯನ್ನು ವೃತ್ತವಾಗಿ ಕತ್ತರಿಸಿದರೆ ಅಂಚು ಒಂದು ಕಡೆ ಗಾಢ, ಇನ್ನೊಂದು ಕಡೆ ತಿಳಿ ಆಗುತ್ತದೆ. ಮೊದಲು ಹೊಲಿದು, ಒಂದು ರಾತ್ರಿ ನೇತುಹಾಕಿ ಓರೆ ಭಾಗ ಇಳಿಯಲು ಬಿಟ್ಟು, ಅಂಚು ಸಮ ಮಾಡಿಕೊಂಡು, ಸೊಂಟ ಹಿಡಿದು ಅದ್ದಿ. ದಾರ ಕಾಟನ್ನಿನದೇ ಇರಲಿ. ಪಾಲಿಯೆಸ್ಟರ್ ದಾರ ಈ ಬಣ್ಣ ಹೀರುವುದಿಲ್ಲ, ಗಾಢ ನೀಲಿಯ ಮೇಲೆ ಬಿಳಿ ಟಾಕಿ ಸಾಲಾಗಿ ಎದ್ದು ಕಾಣುತ್ತದೆ.

ತೊಳೆಯುವಾಗ ಎರಡಕ್ಕೂ ನಿಯಮ ಒಂದೇ: ಗಾಢ ತುದಿ ಯಾವಾಗಲೂ ಕೆಳಗೆ. ತಣ್ಣೀರನ್ನು ತಿಳಿ ಕಡೆಯಿಂದ ಸುರಿದು ಉಪ್ಪು, ಸೋಡಾ ಹೋಗಲಾಡಿಸಿ. ಆಮೇಲೆ ಕುದಿಯುವುದಕ್ಕೆ ಸ್ವಲ್ಪ ಕಡಿಮೆ ಬಿಸಿಯಿರುವ ನೀರಿನಲ್ಲಿ ಡಿಟರ್ಜೆಂಟ್ ಹಾಕಿ ಹತ್ತು ನಿಮಿಷ. ಹಿಡಿಯದೆ ಉಳಿದ ಬಣ್ಣ ಹೊರಬರುವುದು ಈ ಬಿಸಿಯಲ್ಲೇ. ಒದ್ದೆ ಬಟ್ಟೆಯನ್ನು ಮಡಚಿ ಇಟ್ಟರೆ ಗಾಢ ಭಾಗ ಬಿಳಿ ಭಾಗಕ್ಕೆ ಅಚ್ಚು ಹೊಡೆಯುತ್ತದೆ.

ಫ್ಯಾಬ್ರಿಕ್ ಪೇಂಟಿನದು ಬೇರೆ ಜಾತಿ. ಅದು ನೂಲಿನೊಳಗೆ ಇಳಿಯುವುದಿಲ್ಲ, ಅಂಟಿನ ಜೊತೆ ಮೇಲೆ ಕೂರುತ್ತದೆ. ಪಾಲಿಯೆಸ್ಟರ್ ಬೆರಕೆ ಬಟ್ಟೆಗೂ ನಡೆಯುತ್ತದೆ ಎಂಬುದೇ ಅದರ ದೊಡ್ಡ ಗುಣ. ನಾಲ್ಕು ಪಾಲು ಪೇಂಟಿಗೆ ಒಂದು ಪಾಲಿಗಿಂತ ಹೆಚ್ಚು ನೀರು ಹಾಕಿದರೆ ಅಂಟು ಸಡಿಲವಾಗಿ ಒಗೆತದಲ್ಲಿ ಹೋಗುತ್ತದೆ. ತಿಳಿಯಾಗಬೇಕಿದ್ದರೆ ನೀರಿನ ಬದಲು ಫ್ಯಾಬ್ರಿಕ್ ಮೀಡಿಯಂ (ಬಣ್ಣವಿಲ್ಲದ ಅಂಟು) ಬೆರೆಸಿ. ಸೋಸಿ ಬಾಟಲಿಗೆ ತುಂಬಿ, ಒಂದು ಮೊಳ ದೂರದಿಂದ ತೆಳುವಾಗಿ ಹಲವು ಸುತ್ತು ಸಿಂಪಡಿಸಿ. ಹತ್ತಿರದಿಂದ ಹೊಡೆದರೆ ಹನಿ ಹನಿಯಾಗಿ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಹಿಂಬದಿಯಿಂದ, ಬಟ್ಟೆ ತಾಳುವಷ್ಟು ಬಿಸಿಯಲ್ಲಿ ಐದು ನಿಮಿಷ ಇಸ್ತ್ರಿ. ಗಾಢ ಭಾಗ ಬಿರುಸಾಗುತ್ತದೆ, ಉಜ್ಜಿದಲ್ಲಿ ಬಿಳುಚುತ್ತದೆ, ದಪ್ಪ ಪದರದಲ್ಲಿ ಸೂಜಿ ಅಂಟಿಕೊಳ್ಳುತ್ತದೆ. ದಿಂಬಿನ ಕವರು, ಚೀಲ, ಪರದೆಯ ಅಂಚಿಗೆ ಅಡ್ಡಿಯಿಲ್ಲ. ಮೈಗೆ ಹತ್ತುವ ಕುಬಸ, ಕುರ್ತಾಕ್ಕೆ ಬೇಡ.