ಬೈಕಿನ ಪರ್ಮಿಟ್ ಹೋಲ್ಡರ್: ಬೀಗ ಗಟ್ಟಿ, ಆದರೆ ಕಿಟಕಿ ಬೆವರುತ್ತದೆ

ಅಂಗವಿಕಲರ ಪಾರ್ಕಿಂಗ್ ಪರ್ಮಿಟ್, ಅಂದರೆ ಅವರಿಗೆ ಮೀಸಲಾದ ಜಾಗದಲ್ಲಿ ಗಾಡಿ ನಿಲ್ಲಿಸುವಾಗ ತೋರಿಸಬೇಕಾದ ಕಾರ್ಡ್, ರೂಪಿಸಿದವರ ಕಣ್ಣ ಮುಂದೆ ಇದ್ದದ್ದು ಕಾರು. ಅಮೆರಿಕದ 1991ರ ಫೆಡರಲ್ ನಿಯಮ ಅದನ್ನು ಒಳಗಿನ ಕನ್ನಡಿಗೆ ನೇತುಹಾಕಿ, ಕನ್ನಡಿ ಇಲ್ಲದಿದ್ದರೆ ಡ್ಯಾಶ್‌ಬೋರ್ಡ್ ಮೇಲಿಡಿ ಎನ್ನುತ್ತದೆ. ಬೈಕಿಗೆ ಎರಡೂ ಇಲ್ಲ. ಹಾಗೇ ಸಿಕ್ಕಿಸಿಟ್ಟರೆ ಗಾಳಿಗೆ ಹಾರುತ್ತದೆ, ಮಳೆಗೆ ನೆನೆಯುತ್ತದೆ, ಇಲ್ಲವೇ ಯಾರೋ ಕಿತ್ತುಕೊಂಡು ಹೋಗುತ್ತಾರೆ. ಕಾರ್ಡ್ ಕಾಣಲು ಪಾರದರ್ಶಕ ಪ್ಲಾಸ್ಟಿಕ್ ಕಿಟಕಿ, ಕಳುವಾಗದಿರಲು ಬೀಗ ಇರುವ ಡಬ್ಬಿ ಈ ಹೋಲ್ಡರ್. ಇದನ್ನು ಎರಡು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ನಿಮ್ಮ ಕಡೆ ಗಾಲಿಕುರ್ಚಿ ಚಿಹ್ನೆಯ ನಂಬರ್ ಪ್ಲೇಟನ್ನು ಬೈಕಿಗೂ ಕೊಡುವುದಾದರೆ ಅದನ್ನೇ ಮಾಡಿಸಿಕೊಳ್ಳಿ, ಇದಕ್ಕೆ ದುಡ್ಡು ಹಾಕಬೇಡಿ. ಕಾರ್ಡ್ ಮಾತ್ರ ಸಿಗುವ ಕಡೆ ಇದು ಬೇಕಾಗುತ್ತದೆ. ಕೊಳ್ಳುವ ಮೊದಲು ಒಳ ಅಳತೆ ನೋಡಿ. ಯುರೋಪಿನ ಮಾದರಿ ಕಾರ್ಡ್ 148 × 106 ಮಿ.ಮೀ. ಇರುತ್ತದೆ, ಅದು ಆರಾಮಾಗಿ ಕೂರುತ್ತದೆ. ಕನ್ನಡಿಗೆ ನೇತುಹಾಕುವ, ಕೊಕ್ಕೆಯಿರುವ ಉದ್ದನೆಯ ಪರ್ಮಿಟ್ ಹಿಡಿಸುವುದಿಲ್ಲ. ಮಡಚಿದರೆ ದಿನಾಂಕ ಮುಚ್ಚಿಹೋಗುತ್ತದೆ. ಕತ್ತರಿ ಹಾಕುವ ಯೋಚನೆ ಬೇಡವೇ ಬೇಡ.

ಜೊತೆಗೆ ಬರುವ ಕಾಗದ ಹ್ಯಾಂಡಲ್‌ಗೆ ಕೂರಿಸಲು ಹೇಳುತ್ತದೆ. ಅದು ತಪ್ಪು ಸಲಹೆ. ಸ್ಟೀರಿಂಗ್ ಲಾಕ್ ಹಾಕಿದೊಡನೆ ಹ್ಯಾಂಡಲ್ ಪೂರ್ತಿ ಒಂದು ಬದಿಗೆ ತಿರುಗುತ್ತದೆ, ಕಾರ್ಡಿನ ಮುಖವೂ ಅತ್ತ ತಿರುಗಿ ಎದುರಿನಿಂದ ಬಂದವರಿಗೆ ಕಾಣುವುದಿಲ್ಲ. ಪೆಟ್ರೋಲ್ ಟ್ಯಾಂಕಿನ ಹತ್ತಿರವೂ ಬೇಡ: ಪೆಟ್ರೋಲ್ ಸಿಡಿದ ಪಾಲಿಕಾರ್ಬೊನೇಟ್ ಕಿಟಕಿಯಲ್ಲಿ ಕೂದಲೆಳೆ ಬಿರುಕು ಏಳುತ್ತದೆ. ಸರಿಯಾದ ಜಾಗ ಹಿಂದಿನ ಕ್ಯಾರಿಯರ್. ತಪಾಸಣೆಗೆ ಬಂದವರು ಹೇಗೂ ನಂಬರ್ ಪ್ಲೇಟ್ ನೋಡುತ್ತಾರೆ, ಕಾರ್ಡ್ ಅದರ ಪಕ್ಕದಲ್ಲೇ ನೆಟ್ಟಗೆ, ಹಿಂದಕ್ಕೆ ಮುಖ ಮಾಡಿ ನಿಂತಿರಲಿ. ಟೈಲ್ ಲ್ಯಾಂಪ್, ಇಂಡಿಕೇಟರ್, ಪ್ಲೇಟ್ ಯಾವುದಕ್ಕೂ ಅಡ್ಡ ಬರಬಾರದು, ಸೈಲೆನ್ಸರ್‌ನ ಬಿಸಿಯೂ ತಾಗಬಾರದು. ಕ್ಲ್ಯಾಂಪಿನ ಕೆಳಗೆ ಹಳೆ ಟ್ಯೂಬಿನ ರಬ್ಬರ್ ತುಂಡು ಸುತ್ತಿ, ನೈಲಾನ್ ಇರುವ ಲಾಕ್ ನಟ್ ಹಾಕಿ. ಮೊದಲ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ. ಕಿಟಕಿಯ ಸ್ಕ್ರೂಗಳಿಗೆ ಮಾತ್ರ ಥ್ರೆಡ್ ಲಾಕರ್ (ಸ್ಕ್ರೂ ಸಡಿಲಾಗದಂತೆ ಹಚ್ಚುವ ಅಂಟು) ದ್ರವ ತಾಗಿಸಬೇಡಿ, ಅದೂ ಈ ಪ್ಲಾಸ್ಟಿಕ್ಕನ್ನು ಸೀಳುತ್ತದೆ.

ಇನ್ನು ನಿಜವಾದ ತಲೆನೋವು. ಮೂರನೇ ವಾರಕ್ಕೇ ಕಿಟಕಿ ಒಳಗಿನಿಂದ ಬೆವರತೊಡಗಿತು. ರಬ್ಬರ್ ಗ್ಯಾಸ್ಕೆಟ್ ನೀರನ್ನು ಒಳಗೆ ಬಿಡುವುದಿಲ್ಲ ಎಂಬುದೇ ಇದರ ದೊಡ್ಡ ಜಾಹೀರಾತು. ಆದರೆ ಕಾರ್ಡ್ ಹಾಕಲು ಮುಚ್ಚಳ ತೆಗೆದಾಗಲೆಲ್ಲ ತೇವದ ಗಾಳಿ ಒಳಗೆ ಸೇರುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಬಿಸಿಲಿಗೆ ಕಾದ ಡಬ್ಬಿ ಸಂಜೆ ತಣ್ಣಗಾಗುತ್ತಲೇ ಆ ತೇವವೆಲ್ಲ ಕಿಟಕಿಗೆ ಹನಿಗಟ್ಟುತ್ತದೆ. ಮುಚ್ಚುವುದು ಎಲ್ಲವನ್ನೂ ಬಿಟ್ಟು ಮುಕ್ತಾಯ ದಿನಾಂಕವನ್ನೇ. ಆ ಒಂದು ಸಾಲು ಓದಲು ಬರದಿದ್ದರೆ ಪರ್ಮಿಟ್ ಇದ್ದೂ ಇಲ್ಲದಂತೆ. ದಂಡದ ಚೀಟಿ ಬಂದರೆ ಅದನ್ನು ರದ್ದು ಮಾಡಿಸಲು ಓಡಾಡಬೇಕಾದವರು ಓಡಾಡಲು ಕಷ್ಟವಿರುವವರೇ. ಇಂಥ ವಸ್ತುವಿನಲ್ಲಿ ಈ ತಪ್ಪನ್ನು ಕ್ಷಮಿಸುವುದು ಕಷ್ಟ.

ಅದೃಷ್ಟಕ್ಕೆ ರಿಪೇರಿ ಸುಲಭ. ಡಬ್ಬಿಯ ಕೆಳ ಅಂಚಿನಲ್ಲಿ 2 ಮಿ.ಮೀ. ತೂತು ಎರಡು ಕೊರೆಯಿರಿ, ಮೂಲೆಗೊಂದರಂತೆ. ಮೇಲೆ ಬೇಡ, ಮಳೆ ಇಳಿಯುತ್ತದೆ. ಒಳಗೆ, ಕಾರ್ಡಿನ ಹಿಂಬದಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್‌ನ 5 ಗ್ರಾಂ ಪೊಟ್ಟಣ ಅಂಟಿಸಿ. ಬಣ್ಣ ಬದಲಾಗುವ ಕಿತ್ತಳೆ ಕಾಳಿನದಾದರೆ ಹಸಿರಾದಾಗ ತೇವ ತುಂಬಿತೆಂದು ಗೊತ್ತಾಗುತ್ತದೆ. ಆಗ ಕಾಳನ್ನು ಪೊಟ್ಟಣದಿಂದ ಸುರಿದು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಬಳಸಬಹುದು. ಒರೆಸಲು ಮೆದು ಬಟ್ಟೆ, ಸೋಪಿನ ನೀರು ಸಾಕು. ಅಮೋನಿಯಾ ಇರುವ ಗಾಜಿನ ಸ್ಪ್ರೇ ಕಿಟಕಿಯನ್ನು ಕೆಡಿಸುತ್ತದೆ. ಇಷ್ಟು ಮಾಡಿದ ಮೇಲೆ ದಿನಾಂಕ ಒಮ್ಮೆಯೂ ಮಸುಕಾಗಿಲ್ಲ, ಈ ಡಬ್ಬಿಯ ಮೇಲಿದ್ದ ಸಿಟ್ಟೂ ಇಳಿದಿದೆ.

ದಿನದ ಬಳಕೆಯಲ್ಲಿ ಇದರ ಬೀಗವೇ ಇಷ್ಟವಾಗುವ ಭಾಗ. ಸೈಡ್ ಸ್ಟ್ಯಾಂಡ್ ಇಳಿಸಿ, ಒಂದು ಕೈ ಸೀಟಿಗೆ ಊರಿ, ಇನ್ನೊಂದು ಕೈಯಲ್ಲಿ ಕೀಲಿಯನ್ನು ಕಾಲು ಸುತ್ತು ತಿರುಗಿಸಿದರೆ ಮುಚ್ಚಳ ತಾನೇ ಕೆಳಗೆ ಬಾಗುತ್ತದೆ. ಕಾರ್ಡ್ ಜಾರಿಸಿ, ಮುಚ್ಚಳ ಒತ್ತಿ, ಟಕ್ ಎಂದರೆ ಮುಗಿಯಿತು. ಬಗ್ಗುವ ಕೆಲಸವಿಲ್ಲ, ಊರುಗೋಲು ಕಂಕುಳಲ್ಲೇ ಇರಬಹುದು. ಕೀಲಿ ಮಾತ್ರ ತೀರಾ ಚಿಕ್ಕದು. ಬೆರಳಿನಲ್ಲಿ ಹಿಡಿತ ಕಡಿಮೆಯಿದ್ದರೆ ಕೀಲಿಗೆ 4 ಸೆಂ.ಮೀ. ಅಗಲದ ರಿಂಗ್ ಸಿಕ್ಕಿಸಿಕೊಳ್ಳಿ. ಬೀಗಕ್ಕೆ ಎಣ್ಣೆ ಬಿಟ್ಟರೆ ಧೂಳು ಮೆತ್ತುತ್ತದೆ, ಗ್ರಾಫೈಟ್ ಪುಡಿ ಹಾಕಿ. ಹೊರಡುವಾಗ ಕಾರ್ಡ್ ಜೇಬಿಗೆ ಬರಲಿ. ಪರ್ಮಿಟ್ ಇರುವುದು ವ್ಯಕ್ತಿಗೆ, ಬೈಕಿಗಲ್ಲ. ಮನೆಯವರು ಬೈಕ್ ಒಯ್ದ ದಿನ ಡಬ್ಬಿ ಖಾಲಿಯೇ ಇರಬೇಕು.

ನಿಲ್ಲಿಸುವ ಜಾಗದ ಬಗ್ಗೆಯೂ ಒಂದು ಮಾತು. ಅಂಗವಿಕಲರ ಪಾರ್ಕಿಂಗ್ ಜಾಗದ ಪಕ್ಕದಲ್ಲಿ ಪಟ್ಟೆ ಬಳಿದ ಎಡೆ ಬೈಕಿಗೆ ಹೇಳಿ ಮಾಡಿಸಿದಂತೆ ಕಂಡರೂ ಅಲ್ಲಿ ಚಕ್ರ ಇಡಬೇಡಿ. ಗಾಲಿಕುರ್ಚಿಯವರು ವ್ಯಾನಿನ ರ್‍ಯಾಂಪ್ ಇಳಿಸುವುದು ಅಲ್ಲೇ. ನಿಮ್ಮ ಬೈಕ್ ಅಲ್ಲಿದ್ದರೆ ಅವರು ಗಾಡಿಯೊಳಗೇ ಸಿಕ್ಕಿಬೀಳುತ್ತಾರೆ. ಗುರುತು ಮಾಡಿದ ಜಾಗದ ನಟ್ಟನಡುವೆ ನಿಲ್ಲಿಸಿ. ಅಂಚಿಗೆ ಸರಿಸಿದರೆ ಉಳಿದ ಜಾಗಕ್ಕೆ ಯಾರಾದರೂ ಕಾರು ನುಗ್ಗಿಸುತ್ತಾರೆ, ಆಮೇಲೆ ಬೈಕ್ ಹತ್ತಲು ಕಾಲು ಬೀಸುವಷ್ಟೂ ಎಡೆ ಇರುವುದಿಲ್ಲ.

ತಿಂಗಳಿಗೆ ಒಂದೆರಡು ಸಲ ಮಾತ್ರ ಬೈಕ್ ತೆಗೆಯುವವರಿಗೆ ಇಷ್ಟು ಖರ್ಚು ಬೇಕಿಲ್ಲ, ಪಾರದರ್ಶಕ ಕಿಸೆಯ ಟ್ಯಾಂಕ್ ಬ್ಯಾಗ್ ಸಾಕು. ಆದರೆ ಅಯಸ್ಕಾಂತದ್ದು ಬೇಡ, ಬ್ಯಾಗ್ ಸಮೇತ ಎತ್ತಿಕೊಂಡು ಹೋಗುತ್ತಾರೆ. ದಿನವೂ ಓಡಾಡುವವರು ಇದನ್ನೇ ಕೊಳ್ಳಿ, ಕೂರಿಸುವ ಮುನ್ನ ಆ ಎರಡು ತೂತು ಕೊರೆದುಬಿಡಿ.