ಮನಿದೇವ್ರ ಹೆಸರು ಹೇಳಿಕೊಂಡು ಬಂದ, ರೊಕ್ಕ ತಗೊಂಡು ಹೋದ. ಎರಡನೇ ಸಂಬಂಧ ನೋಡೋರು ದಯವಿಟ್ಟು ಓದ್ರಿ

ಬರಿಯಾಕ ನಾಚಿಕಿ ಆಗ್ತೈತಿ. ಆದ್ರೂ ಬರೀತೀನಿ, ಯಾಕಂದ್ರ ಆ ಮನುಷ್ಯ ಇನ್ನೂ ಅದೇ ಲಗ್ನದ ಆ್ಯಪಿನಾಗ ಅದಾನ. ಫೋಟೊ ಬದಲಿ ಮಾಡ್ಯಾನ, ಅಷ್ಟ.

ನಾನು ಕೊಪ್ಪಳದಾಕಿ, ಭಾಗ್ಯನಗರದಾಗ ಹೊಲಿಗಿ ಅಂಗಡಿ ಐತಿ. ಯಜಮಾನರು ತೀರಿಕೊಂಡ ಮ್ಯಾಲೆ ಅಣ್ಣ-ವೈನಿ ಗಂಟುಬಿದ್ದು ಲಗ್ನದ ಆ್ಯಪಿನಾಗ ಹೆಸರು ಹಾಕಿಸಿದ್ರು. ಇಂಥ ಕಡೆ ಮಾತು ಹೆಂಗ ಶುರು ಆಗ್ತಾವ ನಿಮಗೂ ಗೊತ್ತು: ಪಗಾರ ಎಷ್ಟು, ಹೊಲ ಎಷ್ಟು, ಮಕ್ಕಳು ಅದಾವೇನು. ಇವನು ಅದೇನೂ ಕೇಳಲಿಲ್ಲ. "ನಿಮ್ಮ ಮನಿದೇವ್ರು ಯಾರ್ರೀ?" ಅಂದ. ಹುಲಿಗೆಮ್ಮ ಅಂದೆ. "ನಮಗೂ ಆಕೀನ ನೋಡ್ರಿ! ನಮ್ಮೂರೇ ಹುಲಿಗಿ, ಹೊಳಿ ದಂಡಿಗೇ ಮನಿ" ಅಂದ. ತಾನು ದುಬೈನಾಗ ಕೆಲಸಕ್ಕ ಅದೀನಿ, ಅವ್ವ ಒಬ್ಬಾಕಿನ ಊರಾಗ ಅದಾಳ ಅಂದ.

ಆಮ್ಯಾಲೆ ದಿನಾ ರಾತ್ರಿ ಮೆಸೇಜು. ದೇವರ ಮಾತು, ಊರಿನ ಮಾತು, ಸ್ವಭಾವದ ಮಾತು. "ನೀವು ಮ್ಯಾಲೆ ಗಟ್ಟಿ, ಒಳಗ ಮೆತ್ತಗ. ಯಾರಿಗೂ ಇಲ್ಲ ಅನ್ನಾಕ ಬರಂಗಿಲ್ಲ ನಿಮಗ, ಹೌದಲ್ಲರೀ?" ಅಂತಿದ್ದ. ಈಗ ಓದಿದ್ರ ಮೈ ಉರೀತೈತಿ. ಈಕಿಗೆ ಇಲ್ಲ ಅನ್ನಾಕ ಬರತೈತೋ ಇಲ್ಲೋ ಅಂತ ಅಳತಿ ತಗೋತಿದ್ದ ಅವನು!

ನಾನು ಯಾರ ಮುಂದೂ ಹೇಳದ್ದನ್ನ ಅವನ ಮುಂದ ಹೇಳಿದ್ದೆ. ಸಣ್ಣಾಕಿದ್ದಾಗ ತುಂಗಭದ್ರಾ ಡ್ಯಾಮಿನ ಗೇಟು ಬಿಟ್ಟಾರ ಅಂತ ಅಪ್ಪ ಮುನಿರಾಬಾದಿಗೆ ಕರಕೊಂಡು ಹೋಗಿದ್ರು. ಹೆಗಲ ಮ್ಯಾಲೆ ಕುಂದ್ರಿಸಿಕೊಂಡು ತೋರಿಸುವಾಗ ನನ್ನ ಕೆಂಪು ಚಪ್ಪಲಿ ಒಂದು ಬಿದ್ದು ಹೋತು. ಅಪ್ಪ ಬೈಲಿಲ್ಲ, ತಮ್ಮ ಟವೆಲ್ ನನ್ನ ಕಾಲಿಗೆ ಸುತ್ತಿ ಬಸ್ಸಿನ ತನಕ ಹೊತ್ತುಕೊಂಡು ಬಂದ್ರು. ಸ್ವಲ್ಪ ದಿನ ಬಿಟ್ಟು ಅವನು ಬರೀತಾನ: "ನಮ್ಮಪ್ಪನೂ ಹಂಗ ರೀ. ಜಾತ್ರ್ಯಾಗ ನನ್ನ ಒಂದು ಚಪ್ಪಲಿ ಹೋದಾಗ ಟವೆಲ್ ಸುತ್ತಿ ಹೊತ್ತುಕೊಂಡು ಬಂದಿದ್ರು." ನಾನು ಅತ್ತೆ. ಇಂಥಾ ಹೊಂದಿಕಿ ಎಲ್ಲಿ ಸಿಗತೈತಿ ಅನಿಸ್ತು.

ರೊಕ್ಕದ ಮಾತೂ ದೇವರ ಹೆಸರ್ಲೆ ಬಂತು. ಗವಿಮಠದ ಜಾತ್ರಿ ದಾಸೋಹಕ್ಕ ಇಬ್ಬರ ಹೆಸರ್ಲೆ ಅಕ್ಕಿ ಕೊಡೂಣು, ನನಗ ಇಲ್ಲಿಂದ ಯುಪಿಐ ಆಗಂಗಿಲ್ಲ, ನೀವು ಹಾಕ್ರಿ ಅಂದ. 5,100 ರೂಪಾಯಿ. ಮಠದ ಹೆಸರು ಬರಲಿಲ್ಲ, ಯಾರದೋ ಹೆಸರು ಬಂತು. "ಅಕ್ಕಿ ಅಂಗಡಿಯವರದು" ಅಂದ. ನಮ್ಮ ಹಳ್ಳಿ ಮಂದಿ ಟ್ರ್ಯಾಕ್ಟರಿನಾಗ ರೊಟ್ಟಿ, ಕಾಳು-ಕಡಿ ಹೇರಿಕೊಂಡು ಹೋಗಿ ತಮ್ಮ ಕೈಯಾರೆ ಮಠಕ್ಕ ಇಳಿಸ್ತಾರ. ಅಂಥಾ ದಾಸೋಹದ ಹೆಸರು ಹೇಳಿ ತಗೊಂಡ!

ಮುಂದ ಅವ್ವಗ ಹುಬ್ಬಳ್ಳ್ಯಾಗ ಹೃದಯದ ಆಪರೇಶನ್. 90,000 ರೂಪಾಯಿ. ಲಗ್ನದ ಸೀಸನ್ನಿನಾಗ ರಾತ್ರಿಯೆಲ್ಲಾ ಬ್ಲೌಸ್ ಹೊಲಿದು ಕೂಡಿಟ್ಟ ರೊಕ್ಕ ಅದು. ವಿಡಿಯೊ ಕಾಲ್ ಮಾಡ್ರಿ ಅಂದ್ರ "ದುಬೈನಾಗ ವಾಟ್ಸಾಪ್ ಕಾಲ್ ಬಂದ್ ಐತ್ರಿ" ಅಂತಿದ್ದ. ಅದು ಖರೇನ, ಅದಕ್ಕ ಮಾತಾಡಾಕ ಆಗಲಿಲ್ಲ. ನಾನೇ ಹುಬ್ಬಳ್ಳಿಗೆ ಹೋಗಿ ಅವ್ವಾರನ್ನ ನೋಡಿ ಬರ್ತೀನಿ ಅಂದ್ರ "ಐಸಿಯುದಾಗ ಯಾರನ್ನೂ ಬಿಡಂಗಿಲ್ಲ".

ಮತ್ತ ಒಂದು ಲಕ್ಷ ಬೇಕು ಅಂದಾಗ ಹಿಂಗ ಮಾತಿಗೆ ಮಾತು ಬಂದು ಕೇಳಿದೆ: ಗೇಟು ಹೋದಾಗ ಅವ್ವಾರು ಎಲ್ಲಿದ್ರು?

"ಯಾವ ಗೇಟು?" ಅಂದ.

ಯಾವ ಗೇಟು ಅಂತ! 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ಹರಿದು ಗೇಟೇ ಕೊಚ್ಚಿಕೊಂಡು ಹೋತು. ಗೇಟಿನ ಜಾಗಾದಾಗ ಸ್ಟಾಪ್‌ಲಾಗ್ ಅನ್ನೋ ಕಬ್ಬಿಣದ ತಡೆ ಇಳಿಸಿ ನೀರು ನಿಲ್ಲಿಸೋತನ ಹೊಳಿ ದಂಡಿ ಮಂದಿ ಜೀವ ಕೈಯಾಗ ಹಿಡಕೊಂಡಿದ್ರು, ಗದ್ದಿ ಇದ್ದವರು ಅತ್ತಾರ. ಡ್ಯಾಮಿನ ಬುಡದ ಊರು ಹುಲಿಗಿ. ಅಲ್ಲಿ ಅವ್ವನ್ನ ಬಿಟ್ಟು ಬಂದ ಮಗ ಯಾವ ಗೇಟು ಅಂತಾನ. ಮರುದಿನ ಮುಂಜಾನೆ ಅವನಿಂದ ಉದ್ದ ಮೆಸೇಜು ಬಂತು, "ತುಂಗಭದ್ರಾ ಜಲಾಶಯದ ಕ್ರಸ್ಟ್ ಗೇಟ್‌ನ ಚೈನ್ ಲಿಂಕ್ ತುಂಡಾಗಿ" ಅಂತ, ಪೇಪರಿನಾಗ ಓದಿದಂಗ.

ಅವಾಗ ಹಳೇ ಮಾತೆಲ್ಲಾ ಮ್ಯಾಲಿಂದ ಓದಿದೆ. ಅವನ ನೆನಪು ಅನ್ನೋದು ಒಂದೂ ಇಲ್ಲ. ಒಂದೂ ಇಲ್ಲರೀ. ಎಲ್ಲಾ ನಾ ಹೇಳಿದ್ದನ್ನ ತಿರುಗಿಸಿ ನನಗ ಹೇಳ್ಯಾನ. ಅಂಗಡ್ಯಾಗ ಮಷಿನ್ ಮುಂದ ಕುಂತು ಓದೀನಿ, ಗಿರಾಕಿ ಬಂದು ನಿಂತಿದ್ದೂ ಗೊತ್ತಾಗಲಿಲ್ಲ.

ರೊಕ್ಕ ವಾಪಸ್ ಹಾಕು ಅಂದೆ. ಅವನ ಉತ್ತರ ಇದ್ದಂಗ ಹಾಕ್ತೀನಿ: "ನಿಮಗ ಖರೇ ಭಕ್ತಿ ಇದ್ದಿದ್ರ ನನ್ನ ಮ್ಯಾಲೆ ಅನುಮಾನ ಬರತಿರಲಿಲ್ಲ." ಆಮ್ಯಾಲೆ, "ನಮ್ಮವ್ವ ಸತ್ರ ಆ ಪಾಪ ನಿಮಗ." ಕಡೀಕ, "ನಿಮ್ಮ ಫೋಟೊ, ಮಾತು ಎಲ್ಲಾ ಅದಾವ, ನಿಮ್ಮ ಅಣ್ಣಗ ಕಳಿಸ್ಲೇನು?" ಕಳಿಸು ಅಂದೆ. ಬ್ಲಾಕ್ ಮಾಡಿದ.

ಅಣ್ಣನ ಜೋಡಿ ಹುಲಿಗಿಗೆ ಹೋಗಿ ವಿಚಾರಿಸಿದೆ, ಅಂಥಾ ಮನಿತನಾನ ಇಲ್ಲ. ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಮಾಡಿ ದೂರು ಕೊಟ್ಟೀವಿ. ರೊಕ್ಕ ಹೋದ ತಾಸಿನ ಒಳಗ ಫೋನ್ ಮಾಡಿದ್ರ ಬ್ಯಾಂಕಿನಾಗ ತಡದು ಹಿಡಿಯಾಕ ಬರತೈತಂತ. ರೊಕ್ಕ ಕಳಿಸಿದಾಗ ಬರೋ ಯುಟಿಆರ್ ನಂಬರ್ (ಆ ವ್ಯವಹಾರದ ಗುರುತಿನ ನಂಬರ್) ಇಟ್ಕೊಂಡಿರ್ರಿ, ಚಾಟ್ ಅಳಸಬ್ಯಾಡ್ರಿ. ಊರಿನ ನೆನಪು ಅವನ ಬಾಯಿಂದ ಮೊದಲು ಬರಲಿ, ನೀವು ಸುಮ್ನ ಕೇಳ್ರಿ. ಮನಿ ಎಲ್ಲೈತಿ ಅಂತ ಕೇಳಿ ನಿಮ್ಮವರೊಬ್ರನ್ನ ಕಳಿಸಿ ನೋಡ್ರಿ.

ಗಂಗಾವತಿ ಕಡೆ ಒಬ್ಬಾಕಿಗೆ ಹೋದ ವಾರ ಮೆಸೇಜ್ ಬಂದೈತಿ. ಬ್ಯಾರೆ ಹೆಸರು, ಬ್ಯಾರೆ ಊರು, ಆದ್ರ ಚಪ್ಪಲಿ ಹೋಗಿದ್ದು, ಅಪ್ಪ ಟವೆಲ್ ಸುತ್ತಿದ್ದು ಅದ ಕಥಿ. ಅದು ನಮ್ಮಪ್ಪಂದರೀ. ಆ ಕಥಿ ಯಾರರ ನಿಮಗ ಹೇಳಿದ್ರ ಅಲ್ಲೇ ಸ್ಕ್ರೀನ್‌ಶಾಟ್ ತಗೊಂಡು 1930ಕ್ಕ ಫೋನ್ ಮಾಡ್ರಿ.