ಒಂದು ಗುಂಡಿಯ ತಕರಾರು: ಎರಡು ವಾಹನಗಳ ಟ್ರಾಕ್ಷನ್ ಮತ್ತು ಸ್ಟೆಬಿಲಿಟಿ ಕಂಟ್ರೋಲ್ ಜೊತೆ ಒಂಬತ್ತು ವರ್ಷ

ಆರು ವರ್ಷ ಒಂದು ಫೋರ್ ವೀಲ್ ಡ್ರೈವ್ ವಾಹನವನ್ನು ಓಡಿಸಿ, ಅದನ್ನು ಮಾರಿದ ಮೇಲೆ ಕಳೆದ ಮೂರು ವರ್ಷಗಳಿಂದ ಇನ್ನೊಂದನ್ನು ಓಡಿಸುತ್ತಿರುವ ನಾನು ಈ ವಿಮರ್ಶೆ ಬರೆಯಲು ಕುಳಿತದ್ದು ಡ್ಯಾಶ್‌ಬೋರ್ಡಿನ ಒಂದು ಗುಂಡಿಯ ದೆಸೆಯಿಂದ: ವಾಹನ ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲನ್ನು ಆರಿಸುವ ಗುಂಡಿ ಅದು. ಎಂಜಿನ್ನಿನ ಶಕ್ತಿ, ನೆಲದಿಂದ ಎತ್ತರ ಮುಂತಾದ ಅಂಕಿಗಳನ್ನು ಓದುಗರು ಈಗಾಗಲೇ ನೋಡಿರುತ್ತಾರೆ.

ಮೊದಲು ಮೆಚ್ಚಿಗೆಯ ಮಾತು. ಕಲ್ಲಿನ ಏರಿನಲ್ಲಿ ಒಂದು ಮುಂಚಕ್ರವೂ ಅದಕ್ಕೆ ಓರೆಯಾದ ಹಿಂಚಕ್ರವೂ ಗಾಳಿಗೆ ಎದ್ದಾಗ, ಎಡಬಲ ಚಕ್ರಗಳಿಗೆ ಬಲ ಹಂಚುವ ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಬದಿಗೆ ಸಮನಾದ ಟಾರ್ಕ್ (ತಿರುಗಿಸುವ ಬಲ) ಕೊಡುವುದರಿಂದ, ನೆಲ ಹಿಡಿದ ಚಕ್ರಕ್ಕೂ ಗಾಳಿಯಲ್ಲಿ ತಿರುಗುವ ಚಕ್ರಕ್ಕೆ ಸಿಕ್ಕಷ್ಟೇ, ಅಂದರೆ ಏನೂ ಇಲ್ಲವೆಂಬಷ್ಟೇ ಬಲ ಸಿಗುತ್ತದೆ. ಟ್ರಾಕ್ಷನ್ ಕಂಟ್ರೋಲ್ ಆ ಸುಮ್ಮನೆ ತಿರುಗುವ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಬಲ ಆಚೆ ಬದಿಗೆ ಹೋಗುತ್ತದೆ. ನಾನು ವೇಗ ತಗ್ಗಿಸಿ ಬಲ ಹೆಚ್ಚಿಸುವ ಗಿಯರ್ ಹಂತವಾದ ಲೋ ರೇಂಜ್‌ಗೆ ಹಾಕಿ, ಕಿಟಕಿ ಇಳಿಸಿ, ಆಕ್ಸಿಲರೇಟರನ್ನು ಒಂದೇ ಹದದಲ್ಲಿ ಒತ್ತಿ ಕಾಯುತ್ತೇನೆ. ಆ ಬ್ರೇಕ್ ಹಾಕುವ ಎಬಿಎಸ್ ಪಂಪಿನ ಗರಗರ ಸದ್ದು ಕೇಳಿದೊಡನೆ ಕಾಲು ತೆಗೆಯುವುದು ಹೊಸಬರ ತಪ್ಪು. ತೆಗೆಯದೆ ಎರಡು ಸೆಕೆಂಡ್ ತಾಳಿದರೆ ವಾಹನ ನಿಧಾನವಾಗಿ ಕಲ್ಲನ್ನು ಏರಿಬಿಡುತ್ತದೆ. ಹಳೆಯ ವಾಹನದಲ್ಲಿ ಚಕ್ರ ಒಂದು ಸುತ್ತು ಪೂರ್ತಿ ತಿರುಗಿದ ಮೇಲೆ ಬ್ರೇಕ್ ಬೀಳುತ್ತಿತ್ತು, ಹೊಸದರಲ್ಲಿ ಕಾಲು ಸುತ್ತಿಗೇ ಬೀಳುತ್ತದೆ. ಎರಡೂ ಬದಿಯ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಡಿಫರೆನ್ಷಿಯಲ್ ಲಾಕರ್ ಇರುವ ಮಾದರಿ ನನ್ನ ಕೈಗೆ ಎಟುಕಲಿಲ್ಲ. ಬ್ರೇಕ್ ಕಾದು ವ್ಯವಸ್ಥೆ ತಾನೇ ಕೆಲಸ ನಿಲ್ಲಿಸಿದ ಒಂದು ಉದ್ದನೆಯ ಏರನ್ನು ಬಿಟ್ಟರೆ ಅದರ ಕೊರತೆ ಕಾಡಿಲ್ಲ.

ತಕರಾರು ಮರಳಿನದು. ಅಲ್ಲಿ ವೇಗವೇ ಬಂಡವಾಳ. ಸ್ಟೆಬಿಲಿಟಿ ಕಂಟ್ರೋಲ್ ಆದರೋ, ಸ್ಟಿಯರಿಂಗ್ ತೋರಿಸುವ ದಿಕ್ಕನ್ನೂ ವಾಹನ ನಿಜವಾಗಿ ತಿರುಗುತ್ತಿರುವ ಬಗೆಯನ್ನೂ ಸೆನ್ಸರುಗಳಿಂದ ಹೋಲಿಸಿ ನೋಡಿ, ಎರಡೂ ಹೊಂದದಿದ್ದರೆ ಎಂಜಿನ್ನಿನ ಬಲವನ್ನೇ ಕಡಿಮೆ ಮಾಡುತ್ತದೆ. ಆದ್ದರಿಂದ ಮರಳಿಗೆ ಇಳಿಯುವ ಮುನ್ನ ಟೈರಿನ ಗಾಳಿಯನ್ನು 32 ಪಿಎಸ್‌ಐನಿಂದ 18ಕ್ಕೆ ಇಳಿಸುವುದು, ವಾಲ್ವಿನ ಮುಚ್ಚಳಗಳನ್ನು ಎಣಿಸಿ ಜೇಬಿಗೆ ಹಾಕುವುದು, ಸ್ಟೆಬಿಲಿಟಿ ಆರಿತೆಂದು ತೋರಿಸುವ ಹಳದಿ ದೀಪ ಹತ್ತುವ ತನಕ ಗುಂಡಿಯನ್ನು ಒತ್ತಿ ಹಿಡಿಯುವುದು, ಇದು ನನ್ನ ಕ್ರಮ. ಹೊಸ ವಾಹನದಲ್ಲಿ ಒಮ್ಮೆ ದಿನ್ನೆಯ ನಡುವೆ ಎಂಜಿನ್ ನಿಂತಿತು. ಮತ್ತೆ ಚಾಲೂ ಮಾಡಿ ಹೊರಟೆ. ದೀಪ ಆರಿ, ಸ್ಟೆಬಿಲಿಟಿ ಮತ್ತೆ ಚಾಲೂ ಆಗಿರುವುದು ಕಣ್ಣಿಗೆ ಬೀಳಲಿಲ್ಲ. ಆಕ್ಸಿಲರೇಟರ್ ತಳ ಮುಟ್ಟಿದರೂ ಎಂಜಿನ್ ಉಸಿರು ಕಟ್ಟಿದಂತೆ ಕೊಸರಾಡಿತು, ಚಕ್ರಗಳು ಆಕ್ಸೆಲ್‌ವರೆಗೆ ಹೂತವು. ಸಲಿಕೆ ಹಿಡಿದು ಕಳೆದ ಮುಕ್ಕಾಲು ಗಂಟೆಯಲ್ಲಿ ತಯಾರಕರನ್ನು ನಾನು ಬೈದ ಬೈಗುಳ ಇಲ್ಲಿ ಬರೆಯುವಂಥದಲ್ಲ.

ಆಮೇಲೆ ಓದಿದಾಗ ಸಿಟ್ಟು ಅರ್ಧ ಇಳಿಯಿತು. ಪ್ರತಿ ಬಾರಿ ಇಗ್ನಿಷನ್ ಹಾಕಿದಾಗ ಈ ವ್ಯವಸ್ಥೆ ಮೊದಲಿನ ಸ್ಥಿತಿಗೆ ಮರಳಬೇಕೆಂದು ಅಮೆರಿಕದ 126ನೇ ಸುರಕ್ಷತಾ ಮಾನದಂಡವೇ ಹೇಳುತ್ತದೆ. ಲೋ ರೇಂಜ್‌ನಂಥ ಕೆಲವು ಫೋರ್ ವೀಲ್ ಡ್ರೈವ್ ಸ್ಥಿತಿಗಳಿಗೆ ಅದರಲ್ಲಿ ವಿನಾಯಿತಿ ಇದೆ. ಇನ್ನರ್ಧ ಸಿಟ್ಟು ಉಳಿದಿದೆ, ಏಕೆಂದರೆ ನನ್ನ ವಾಹನದಲ್ಲಿ ಮಾಮೂಲಿ ಓಟದ ಹೈ ರೇಂಜ್‌ನಲ್ಲಿ ಆ ಗುಂಡಿ ಒತ್ತಿದರೆ ಸ್ಟೆಬಿಲಿಟಿಯ ಜೊತೆಗೆ ನನಗೆ ಬೇಕಾದ ಟ್ರಾಕ್ಷನ್ ಕಂಟ್ರೋಲಿನ ಬ್ರೇಕ್ ಸಹಾಯವೂ ಹೋಗುತ್ತದೆ. ಹಳೆಯದರಲ್ಲಿ ಸ್ಟೆಬಿಲಿಟಿ ಕಂಟ್ರೋಲೇ ಇರಲಿಲ್ಲ, ಹಾಗಾಗಿ ಈ ಗೊಂದಲವೂ ಇರಲಿಲ್ಲ. ಆದರೆ ಮಳೆಯಲ್ಲಿ ನುಣುಪಾದ ತಿರುವಿನಲ್ಲಿ ಅದರ ಹಿಂಭಾಗ ಜಾರಿದ ಎರಡು ಸಲವೂ ನನ್ನ ಕೈ ಬೆವರಿತ್ತು. ಹೊಸದು ಅಂಥ ಕಡೆ ಒಂದು ಚಕ್ರವನ್ನು ಮೆಲ್ಲನೆ ಹಿಡಿದು ಸರಿದಾರಿಗೆ ತರುತ್ತದೆ.

ಈಗ ಮೆತ್ತನೆಯ ಮರಳಿನಲ್ಲಿ ಲೋ ರೇಂಜ್ ಹಾಕಿ ಮೂರನೇ ಗಿಯರಿನಲ್ಲಿ ಓಡಿಸುತ್ತೇನೆ. ಅಲ್ಲಿ ಸ್ಟೆಬಿಲಿಟಿ ತಾನಾಗಿ ಸುಮ್ಮನಿರುತ್ತದೆ, ಬ್ರೇಕ್ ಸಹಾಯ ಉಳಿಯುತ್ತದೆ. ಎಂಜಿನ್ ಹೆಚ್ಚು ಕೂಗುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಆದರೂ ಎಂಜಿನ್ ನಿಂತಾಗಲೆಲ್ಲ ಕೈ ಮೊದಲು ಹೋಗುವುದು ಆ ಗುಂಡಿಗೇ.